ಪೂರ್ತಿ ಬಂದ ಮೋಡ

ಅರಸೀಕೆರೆಯ ನಮ್ಮ ಬೀದಿಯಲ್ಲಿ ಒಬ್ಬ ರೇಡಿಯೋ ರಿಪೇರಿಯವರಿದ್ದರು. ಕಿವಿ ಮೇಲೆ ಸದಾ ಟೆಸ್ಟರ್. ಮಹಡಿಯಲ್ಲಿ ಆಂಟೆನಾ ನೆಟ್ಟು, ಹವಾಮಾನ ಉಪಗ್ರಹ ಕಳಿಸುವ ಮೋಡದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಡಿಯುವ ಹುಚ್ಚು ಅವರಿಗೆ. ಆ ಹಳೇ ಕಂಪ್ಯೂಟರು ಸುಸ್ತಾಗಿ, ಚಿತ್ರ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತಿತ್ತು.

“ಪೂರ್ತಿ ಬರ್ಲಿ ತಡೀರಿ, ಮಳೆ ಬರೋದನ್ನ ನಾನೇ ಮೊದ್ಲು ಹೇಳ್ತೀನಿ” ಎನ್ನುತ್ತಿದ್ದರು.

ಒಂದು ಬೇಸಿಗೆ ಅದರಿಂದ ವಿಂಡೋಸ್ ತೆಗೆದು, ಹಳೇ ಕಂಪ್ಯೂಟರಿಗೂ ಹಗುರವಾಗುವ ಲಿನಕ್ಸ್ ಹಾಕಿದರು. ಅವತ್ತೇ ಮಧ್ಯಾಹ್ನ ಚಿತ್ರ ಇಡಿಯಾಗಿ ಬಂತು. ಪ್ರಿಂಟ್ ತೆಗೆದು, ಬರಿಗಾಲಲ್ಲೇ ಮನೆಮನೆಗೂ ತೋರಿಸುತ್ತಾ ಬಂದರು. ನಮ್ಮ ಮನೆ ಮುಟ್ಟುವಷ್ಟರಲ್ಲಿ ಮಳೆ ಸುರಿದು, ಅಮ್ಮ ಒಣಹಾಕಿದ್ದ ಸಂಡಿಗೆಯೆಲ್ಲ ಗಂಜಿಯಾಗಿತ್ತು.

“ನಿಮ್ ಚಿತ್ರದಲ್ಲಿ ಈ ಮೋಡ ಇರ್ಲಿಲ್ವೇನ್ರೀ?” ಅಮ್ಮ ರೇಗಿದರು.

ತೊಯ್ದು ತೊಪ್ಪೆಯಾಗಿ ನಿಂತಿದ್ದವರು ಅಂಗಿಯೊಳಗಿಂದ ಚಿತ್ರ ತೆಗೆದು, ಮುಖದ ತುಂಬ ನಗುತ್ತಾ ಹೇಳಿದರು: “ಇತ್ತು ಕಣಕ್ಕಾ, ಪೂರ್ತಿ ಇತ್ತು!”