ಮನೆ ಎಂದು ಬರೆದದ್ದನ್ನು ಮನಿ ಎಂದು ಓದಿದೆ

ತಾಳಿಯ ಒಂದು ಗುಂಡು ಚಪ್ಪಟೆಯಾಗಿತ್ತು. ಅದನ್ನು ಸರಿ ಮಾಡಿಸಲು ಕಳೆದ ವಾರ ರೋಣದ ಪೇಟೆಯಲ್ಲಿ ಪತ್ತಾರರ ಅಂಗಡಿಗೆ ಹೋಗಿದ್ದೆ. ಗುಂಡಿನೊಳಗೆ ತುಂಬಲು ಅವರು ಅರಗಿನ ಕಡ್ಡಿಯನ್ನು ದೀಪದ ಉರಿಗೆ ಹಿಡಿದರು. ಅರಗು ಕರಗಿ ಅದರ ವಾಸನೆ ಮೂಗಿಗೆ ಬಂದದ್ದೇ ನನ್ನ ಅಂಗೈಗಳು ತಣ್ಣಗಾದವು. “ಯಾಕ್ರೀ ಅಕ್ಕಾರ, ಆರಾಮ ಇಲ್ಲೇನು?” ಎಂದು ಪತ್ತಾರರು ಕೇಳಿದರು. ಹೊಗೆಗೆ ತಲೆ ತಿರುಗಿತು ಎಂದು ಹೇಳಿ ಹೊರಗಿನ ಕಟ್ಟೆಯ ಮೇಲೆ ಕುಳಿತೆ.

ಬೆಂಗಳೂರಿನಲ್ಲಿ ನಾನು ಪತ್ರಿಕೆ ಓದಿ ಹೇಳುತ್ತಿದ್ದ ಸರ್, ನರಗುಂದದ ತಮ್ಮ ಮನೆಯಲ್ಲಿ ತೀರಿಕೊಂಡ ಸುದ್ದಿ ಬಂದು ಅಂದಿಗೆ ಒಂಬತ್ತು ದಿನವಾಗಿತ್ತು. ನರಗುಂದ ನಮಗೇನೂ ದೂರವಲ್ಲ. ಆದರೂ ನಾನು ಹೋಗಿರಲಿಲ್ಲ. ಮಣ್ಣಿಗೂ ಹೋಗಲಿಲ್ಲ, ಆಮೇಲೆ ಮಾತಾಡಿಸಲೂ ಹೋಗಲಿಲ್ಲ. ಹೋದರೆ ಅಲ್ಲಿ ಒಂದು ಮಾತು ಹೇಳಬೇಕಾಗುತ್ತದೆ ಎಂಬ ಹೆದರಿಕೆ ಇತ್ತು.

ನನ್ನ ತವರು ಸೂಡಿ. ರೋಣದಲ್ಲಿ ಪಿಯುಸಿವರೆಗೆ ಓದಿದೆ, ಅಷ್ಟೇ. ಮದುವೆಯಾದ ಮೇಲೆ ಬೆಂಗಳೂರಿಗೆ ಹೋದೆ. ನನ್ನ ಯಜಮಾನರು ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳು ನಡೆಸುವ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಸ್ ಡ್ರೈವರ್ ಆಗಿದ್ದರು. ಕಾಂಪೌಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆವು. ಬೆಳಿಗ್ಗೆ ಚರ್ಚಿನ ಗಂಟೆ, ಆಮೇಲೆ ಧ್ವನಿವರ್ಧಕದಲ್ಲಿ ಪ್ರಾರ್ಥನೆ, ಆಮೇಲೆ ಸಾವಿರಾರು ಮಕ್ಕಳ ಓಡಾಟ... ಎಲ್ಲವನ್ನೂ ಗೋಡೆಯ ಈಚೆಯಿಂದ ಕೇಳುತ್ತಿದ್ದೆ. ಒಳಗೆ ಕಾಲಿಡಬೇಕಾದೀತು ಎಂದು ನೆನಸಿರಲಿಲ್ಲ.

ಸರ್ ಅಲ್ಲಿ ಕನ್ನಡ ಅಧ್ಯಾಪಕರು. ಹುಟ್ಟಿದಾಗಿನಿಂದ ಕಣ್ಣು ಕಾಣುತ್ತಿರಲಿಲ್ಲ. ಪಾಠ ಮಾಡುವುದರಲ್ಲಿ ಅವರಿಗೆ ಯಾರೂ ಎದುರಿರಲಿಲ್ಲ, ಆದರೆ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮಾತ್ರ ಅವರಿಗೆ ಕೊಡುತ್ತಿರಲಿಲ್ಲ. ಕಣ್ಣಿಲ್ಲದವರು ಮೌಲ್ಯಮಾಪನ ಮಾಡುವುದು ಹೇಗೆ ಎಂದು ವಿಭಾಗದಲ್ಲೇ ಕೆಲವರ ತಕರಾರಿತ್ತು. ಸರ್ ಅರ್ಜಿಯ ಮೇಲೆ ಅರ್ಜಿ ಕೊಟ್ಟರು. ಕೊನೆಗೆ ಪರೀಕ್ಷಾ ವಿಭಾಗದ ಫಾದರ್, ಒಂದು ಸಲ ನೋಡೋಣ ಎಂದು ಒಪ್ಪಿದರು. ಓದಿ ಹೇಳುವವರು ಹೊರಗಿನವರಾಗಿರಬೇಕು, ವಿದ್ಯಾರ್ಥಿಗಳಲ್ಲಿ ಅವರ ನೆಂಟರಿಷ್ಟರು ಯಾರೂ ಇರಬಾರದು ಎಂದರು. ಹಾಗೆ ಡ್ರೈವರನ ಹೆಂಡತಿಯಾದ ನನಗೆ ಕರೆ ಬಂತು.

ಮೊದಲ ದಿನ ಸರ್ ನನ್ನ ಕೈಗೆ ಪೇಪರ್ ಕೊಟ್ಟು ಓದಿಸಿದರು. ಎರಡು ಸಾಲು ಓದುವಷ್ಟರಲ್ಲಿ ಯಾವ ಊರು ಎಂದು ಕೇಳಿದರು. ಸೂಡಿ ಎಂದೆ.

“ನಾ ನರಗುಂದದಾಂವ. ನಿನ್ನ ಮಾತು ನನಗ ತಿಳೀತೈತಿ, ನನ್ನ ಮಾತು ನಿನಗ ತಿಳೀತೈತಿ. ಇಲ್ಲೆ ಅಷ್ಟ ಭಾಳಾತು ತಂಗಿ” ಎಂದರು.

ಆಮೇಲೆ ಕೆಲಸದ ರೀತಿ ಹೇಳಿದರು. ಬರೆದದ್ದನ್ನು ಬರೆದ ಹಾಗೆಯೇ ಓದಬೇಕು. ಮಕ್ಕಳು ತಪ್ಪು ಬರೆದಿದ್ದರೆ ತಪ್ಪನ್ನೇ ಓದಬೇಕು, ನಾನು ತಿದ್ದಬಾರದು. ಭಾಷೆ ತಪ್ಪಿದಲ್ಲೆಲ್ಲ ಅವರು ಅಂಕ ಕಡಿಯುತ್ತಿದ್ದರು. ಅವರು ಹೇಳಿದ ಅಂಕವನ್ನು ನಾನು ಕೆಂಪು ಪೆನ್ನಿನಲ್ಲಿ ಚೌಕದೊಳಗೆ ಬರೆಯಬೇಕು. ಸಹಿಗೆ ಅವರ ಬಳಿ ಒಂದು ರಟ್ಟಿನ ತುಂಡಿತ್ತು. ಅದರ ನಡುವೆ ಕತ್ತರಿಸಿದ ಸಂದಿಯನ್ನು ಸಹಿಯ ಜಾಗದ ಮೇಲೆ ನಾನು ಇಟ್ಟರೆ ಅವರು ಅದರೊಳಗೆ ಬರೆಯುತ್ತಿದ್ದರು.

ನನಗೆ ಆ ಕಟ್ಟಡದಲ್ಲಿ ಎಲ್ಲದರ ಹೆದರಿಕೆ. ನೆಲ ಕನ್ನಡಿಯಂತಿತ್ತು. ಪ್ರತಿ ಕೋಣೆಯಲ್ಲಿ ಕರಿಹಲಗೆಯ ಮೇಲೆ ಶಿಲುಬೆ. ನಡುಹಗಲು ಗಂಟೆಯಾದರೆ ಎಲ್ಲರೂ ಇದ್ದಲ್ಲೇ ಎದ್ದು ನಿಲ್ಲುತ್ತಿದ್ದರು. ಮೊದಲ ದಿನ ನಾನೊಬ್ಬಳೇ ಕುಳಿತಿದ್ದೆ, ಆಮೇಲೆ ಗಂಟೆ ಹೊಡೆಯುವ ಮೊದಲೇ ಎದ್ದು ನಿಂತಿರುತ್ತಿದ್ದೆ. ದೇವರಿರುವ ಜಾಗವೆಂದು ಮೌಲ್ಯಮಾಪನದ ಕೋಣೆಯ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಅಷ್ಟು ದೊಡ್ಡ ವರಾಂಡದಲ್ಲಿ ನನ್ನ ಚಪ್ಪಲಿ ಜೋಡಿ ಒಂದೇ. ಯಾರೋ ಅದನ್ನು ಸರ್ ಅವರಿಗೆ ಹೇಳಿದರು. “ಇರಲಿ ಬಿಡು ತಂಗಿ, ನಾ ಒಳಗ ಅದೀನಿ ಅನ್ನೂದಕ್ಕ ಬೋರ್ಡ್ ಆತು” ಎಂದು ನಕ್ಕರು.

ಎರಡು ವಾರ ಒಂದಕ್ಷರವೂ ತಪ್ಪದಂತೆ ಓದಿದೆ. ಎ-ಕಾರಕ್ಕೆ ಎ-ಕಾರ, ಮಹಾಪ್ರಾಣಕ್ಕೆ ಮಹಾಪ್ರಾಣ. ಮನೆಗೆ ಬಂದರೆ ದವಡೆ ನೋಯುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಕಟ್ಟಿನ ಕೊನೆಯ ಕೆಲವು ಪತ್ರಿಕೆಗಳು ಉಳಿದಿದ್ದವು. ಒಂದರಲ್ಲಿ ತನ್ನ ಮನೆಯ ಬಗ್ಗೆ ಯಾರೋ ಪ್ರಬಂಧ ಬರೆದಿದ್ದರು. ಯಾವ ಊರೆಂದು ಬರೆದಿರಲಿಲ್ಲ. ಎರೆಮಣ್ಣಿನ ಹೊಲ, ಮಾಳಿಗೆ ಮೇಲೆ ಒಣಹಾಕಿದ ಕಡಲೆ, ಸಂಜೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು... ಓದುತ್ತ ಓದುತ್ತ ನಾನು ಎಲ್ಲಿದ್ದೇನೆಂಬುದೇ ಮರೆಯಿತು. ಅವ್ವನ ಮುಂದೆ ಕುಳಿತು ಮಾತಾಡಿದ ಹಾಗಿತ್ತು. ಅಷ್ಟು ದಿನಗಳಲ್ಲಿ ಆ ಕೋಣೆಯಲ್ಲಿ ನನಗೆ ಹೆದರಿಕೆಯಾಗದ ಹೊತ್ತು ಅದೊಂದೇ.

ಓದಿ ಮುಗಿದಾಗ ಸರ್, “ನಮ್ಮ ಕಡೀ ಕೂಸು. ಮಾತಾಡಿದಾಂಗ ಬರದೈತಿ ನೋಡು. ಈಗ ಬಿಟ್ಟರ ಮುಂದ ಎಲ್ಲಾರೂ ನಗತಾರ ಅದಕ್ಕ” ಎಂದರು. ತಮ್ಮವರ ಮೇಲೆ ಅವರು ಒಂದು ಕೈ ಹೆಚ್ಚೇ ಬಿಗಿ. ಸಾಲುಸಾಲಿಗೂ ಅಂಕ ಕಡಿದರು. ಒಟ್ಟು ಮೂವತ್ತೇಳು ಎಂದರು. ಪಾಸಾಗಲು ನಲವತ್ತು ಬೇಕಿತ್ತು. ಬರೆದೆ.

ಸಿಪಾಯಿ ಬಂದು ಪತ್ರಿಕೆಗಳನ್ನು ಜೋಡಿಸಿ ಬಿಳಿ ಬಟ್ಟೆಯಲ್ಲಿ ಕಟ್ಟತೊಡಗಿದ. ಫ್ಯಾನಿನ ಗಾಳಿಗೆ ಮೇಲಿನ ಪತ್ರಿಕೆಯ ಹಾಳೆ ತೆರೆದುಕೊಂಡಿತು. ಅದೇ ಪ್ರಬಂಧ. ದುಂಡಗಿನ ಅಕ್ಷರದಲ್ಲಿ ‘ಸಂಜೆ’ ಎಂದು ಬರೆದಿತ್ತು. ನಾನು ‘ಸಂಜಿ’ ಎಂದು ಓದಿದ್ದೆ. ಅದರ ಕೆಳಗೆ ‘ಮನೆ’. ಅದರ ಮುಂದೆ ‘ಬಹಳ’. ನನ್ನ ಬಾಯಲ್ಲಿ ಅವು ಮನಿ, ಭಾಳ ಆಗಿದ್ದವು. ಆ ಮಗು ತಪ್ಪು ಬರೆದೇ ಇರಲಿಲ್ಲ.

ಸಿಪಾಯಿ ಅರಗು ಕಾಯಿಸುತ್ತಿದ್ದ. ನಿಲ್ಲಿಸು ಎನ್ನಲು ಒಂದು ಮಾತು ಸಾಕಿತ್ತು. ಅದನ್ನು ನಾನು ಹೇಳಲಿಲ್ಲ. ಗಂಟಿನ ಮೇಲೆ ಅರಗು ತೊಟ್ಟಿಕ್ಕಿತು, ಅವನು ಮುದ್ರೆ ಒತ್ತಿದ.

ಶನಿವಾರ, ಭಾನುವಾರ ಹೇಗೆ ಕಳೆದೆನೋ. ಹೇಳಿದರೆ, ನೋಡಿ ನಾವು ಮೊದಲೇ ಹೇಳಿದ್ದೆವಲ್ಲ ಎನ್ನುವವರು ವಿಭಾಗದಲ್ಲೇ ಇದ್ದರು. ಸರ್ ಕೈಯಿಂದ ಪತ್ರಿಕೆಗಳು ಹೋಗುತ್ತವೆ, ಅವರು ಇಷ್ಟು ವರ್ಷ ಬಡಿದಾಡಿದ್ದೆಲ್ಲ ನನ್ನ ಒಂದು ನಾಲಿಗೆಯಿಂದ ಹಾಳಾಗುತ್ತದೆ. ಹೇಳದಿದ್ದರೆ ಗುರುತಿಲ್ಲದ ಒಂದು ಮಗು ಫೇಲಾಗುತ್ತದೆ. ಅಲ್ಲಿ ಫೀ ಮಾಫಿಯ ಮೇಲೆ ಓದುವ ಮಕ್ಕಳಿಗೆ ಒಂದು ವಿಷಯ ಹೋದರೂ ಮಾಫಿ ನಿಲ್ಲುತ್ತದೆ ಎಂದು ಯಜಮಾನರು ಹೇಳುತ್ತಿದ್ದರು. ಅವರಿಗೂ ನಾನು ಏನನ್ನೂ ಹೇಳಲಿಲ್ಲ. ಭಾನುವಾರ ಚರ್ಚಿನಲ್ಲಿ ಹಾಡು ನಡೆದಾಗ ಕಿಟಕಿ ಮುಚ್ಚಿ ಕುಳಿತೆ. ಯಾರೋ ನನ್ನನ್ನೇ ಕರೆಯುತ್ತಿದ್ದಾರೆ ಅನಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಮೇರಿಮಾತೆಯ ಗವಿಯ ಹತ್ತಿರದ ಕಲ್ಲಿನ ಬೆಂಚಿನ ಮೇಲೆ ಸರ್ ಒಬ್ಬರೇ ಕುಳಿತಿದ್ದರು. ಹೋಗಿ ಹೇಳಿದೆ. ಹೇಳುವಾಗ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ನನ್ನನ್ನು ಕಾಣಲಾರರು ಎಂಬುದು ಗೊತ್ತಿದ್ದೂ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದೆ.

ಅವರು ಕೋಲನ್ನು ನೆಲಕ್ಕೆ ಮೆಲ್ಲಗೆ ತಟ್ಟುತ್ತಿದ್ದರು. ಕೊನೆಗೆ, “ಒಂದಽ ಪೇಪರೇನು?” ಎಂದರು.

“ಒಂದಽ ರೀ ಸರ್. ಉಳಿದೂವು ಸರಿ ಓದೀನ್ರಿ.”

“ನಡಿ ಹಂಗಾರ. ರಿಸಲ್ಟ್ ಹೋಗೂದರಾಗ ಫಾದರ್ ಕಡೆ ಹೋಗೂಣು.”

ನಾನು ನಿಂತಲ್ಲೇ ನಿಂತಿದ್ದೆ. ಅವರೇ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದರು. ನೋಡಿದವರಿಗೆ ನಾನು ಅವರನ್ನು ಕರೆದೊಯ್ಯುತ್ತಿದ್ದೇನೆ ಎನಿಸಿರಬೇಕು.

ಫಾದರ್ ಬಿಳಿ ನಿಲುವಂಗಿಯಲ್ಲಿ ಮೇಜಿನ ಹಿಂದೆ ಕುಳಿತಿದ್ದರು. ಒಂದು ಪ್ರಬಂಧಕ್ಕೆ ತಪ್ಪು ಅಂಕ ಬಿದ್ದಿದೆ ಎಂದು ಸರ್ ಹೇಳಿದ ಮೇಲೆ ಇನ್ನಿಬ್ಬರು ಅಧ್ಯಾಪಕರನ್ನು ಕರೆಸಿ, ಅವರ ಮುಂದೆ ಕಟ್ಟು ಬಿಚ್ಚಿಸಿದರು. ಆ ಪ್ರಬಂಧವನ್ನು ಮತ್ತೆ ಓದು ಎಂದರು. ಸಣ್ಣ ಮಕ್ಕಳು ಓದುವಂತೆ ಅಕ್ಷರ ಅಕ್ಷರ ಕೂಡಿಸಿ ಓದಿದೆ. ಸರ್ ಈ ಸಲ ನಲವತ್ತಾರು ಕೊಟ್ಟರು. ಹೀಗೇಕಾಯಿತು ಎಂದು ಫಾದರ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸರ್ ಮಾತಾಡಿದರು. ಫಾದರ್ ಜೊತೆ ಅವರು ಪುಸ್ತಕದ ಕನ್ನಡದಲ್ಲೇ ಮಾತಾಡುತ್ತಿದ್ದರು.

“ಇವಳು ಸರಿಯಾಗಿಯೇ ಓದಿದ್ದಳು, ಫಾದರ್. ಈಚೆಗೆ ನನ್ನ ಕಿವಿ ಮಂದವಾಗಿದೆ. ನಾನು ತಪ್ಪು ಕೇಳಿಸಿಕೊಂಡೆ.”

ಫಾದರ್ ನನ್ನತ್ತ ತಿರುಗಿದರು. “ಹೌದೇನಮ್ಮ?”

ಇಬ್ಬರು ಅಧ್ಯಾಪಕರೂ ನೋಡುತ್ತಿದ್ದರು. ಯಜಮಾನರ ನೌಕರಿ ನೆನಪಾಯಿತು, ಖೋಲಿ ನೆನಪಾಯಿತು. ಹೌದು ಎಂದೆ.

ಕಟ್ಟನ್ನೆಲ್ಲ ಬೇರೆಯವರು ಮತ್ತೆ ನೋಡಿದರು. ಉಳಿದ ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ಆದರೂ ಸರ್ ಅವರಿಗೆ ಆಮೇಲೆ ಪತ್ರಿಕೆಗಳು ಬರಲಿಲ್ಲ. ಯಾಕೆ ಹಾಗೆ ಹೇಳಿದಿರಿ ಎಂದು ಆ ದಿನವೇ ಕೇಳಿದ್ದೆ.

“ಓದಾವರು ತಪ್ಪು ಓದತಾರ ಅಂತ ಆದ್ರ, ಮುಂದ ಯಾವ ಕುರುಡಗೂ ಪೇಪರ್ ಕೊಡಂಗಿಲ್ಲ. ನನ್ನ ಕಿವಿ ಕೆಟ್ಟಾವು ಅಂದ್ರ ನನಗೊಬ್ಬಗಽ ತಪ್ಪತೈತಿ. ಹೋಗ್ಲಿ ಬಿಡು. ಯಾರ ಮುಂದೂ ಅನಬ್ಯಾಡ.”

ಅಂದಿನಿಂದ ಅವರು ಕಿವಿ ಮಂದದವರಾದರು. ವರಾಂಡದಲ್ಲಿ ಯಾರಾದರೂ ನಮಸ್ಕಾರ ಎಂದರೆ ಕಿವಿಯ ಹಿಂದೆ ಅಂಗೈ ಇಟ್ಟು ‘ಆಂ?’ ಎನ್ನುತ್ತಿದ್ದರು. ಮಕ್ಕಳು ಅವರ ಮುಂದೆ ಕೂಗಿ ಮಾತಾಡತೊಡಗಿದರು. ಒಮ್ಮೊಮ್ಮೆ ನನ್ನ ಹೆಜ್ಜೆ ಸದ್ದಿಗೇ ತಿರುಗಿ ‘ಬಾ ತಂಗಿ’ ಎಂದುಬಿಡುತ್ತಿದ್ದರು. ಆಗ ನಾನು ಬೆವರುತ್ತಿದ್ದೆ, ಯಾರಾದರೂ ನೋಡಿದರೇನೋ ಎಂದು. ಅವರು ನಿವೃತ್ತರಾಗಿ ನರಗುಂದಕ್ಕೆ ಹೊರಟ ದಿನ, ಇನ್ನು ಆ ಹೆದರಿಕೆ ಇಲ್ಲ ಎಂದುಕೊಂಡಿದ್ದೆ. ಕೆಲವು ವರ್ಷಗಳ ಮೇಲೆ ವಿಶ್ವವಿದ್ಯಾಲಯಕ್ಕೆ ಕಣ್ಣು ಕಾಣದ ಒಬ್ಬ ಹುಡುಗಿ ಅಧ್ಯಾಪಕಿಯಾಗಿ ಬಂದಳು, ಅವಳಿಗೆ ಪತ್ರಿಕೆಗಳನ್ನು ಕೊಡುತ್ತಾರೆ ಎಂದು ಯಜಮಾನರು ಹೇಳಿದರು. ಆ ಹೊತ್ತಿಗೆ ನಾವೂ ಊರಿಗೆ ಮರಳುವ ತಯಾರಿಯಲ್ಲಿದ್ದೆವು. ಸರ್ ಅವರಿಗೆ ಫೋನ್ ಮಾಡಿ ಹೇಳಬೇಕೆಂದುಕೊಂಡೆ. ನಾಳೆ, ನಾಡಿದ್ದು... ಮಾಡಲಿಲ್ಲ.

ಪತ್ತಾರರ ಕಟ್ಟೆಯಿಂದ ಎದ್ದ ಮರುದಿನ ನರಗುಂದದ ಬಸ್ ಹತ್ತಿದೆ. ಮನೆ ತುಂಬ ಬೀಗರು, ನೆಂಟರು. ಸರ್ ಅವರ ಹೆಂಡತಿಯನ್ನು ಬೆಂಗಳೂರಿನಲ್ಲಿದ್ದಾಗ ನಾನು ಅಕ್ಕಾರ ಎನ್ನುತ್ತಿದ್ದೆ. ನನ್ನನ್ನು ನೋಡಿ “ಬಾ ತಂಗಿ, ಈಗ ಬಂದ್ಯಾ” ಎಂದು ಓಣಿಗೆಲ್ಲ ಕೇಳುವಂತೆ ಅಂದರು. ಸೊಸೆ ಮೆಲ್ಲಗೆ, “ಅತ್ತಿ, ಸಣ್ಣಗ ಮಾತಾಡ್ರಿ” ಎಂದಳು. ಅಕ್ಕಾರು ನನ್ನತ್ತ ತಿರುಗಿ, “ಏನ್ ಮಾಡ್ಲಿ ಹೇಳು. ಅವರಿಗೆ ಕೇಳಸಬೇಕಲ್ಲ, ಒದರಿ ಒದರಿ ರೂಢಿ ಆಗೇತಿ” ಎಂದರು.

ಕಿವಿಯ ನಿಜವನ್ನು ಸರ್ ಮನೆಯಲ್ಲೂ ಹೇಳಿರಲಿಲ್ಲ. ಯಾರ ಮುಂದೂ ಅನ್ನಬೇಡ ಎಂದು ನನಗೆ ಹೇಳಿದ ಮಾತನ್ನು ತಾವೂ ನಡೆಸಿದ್ದರು.

ಜನ ಕಡಿಮೆಯಾಗುವವರೆಗೆ ಕುಳಿತೆ. ಆಮೇಲೆ ಹೇಳಿದೆ. “ಅಕ್ಕಾರ, ಸರ್ ಕಿವಿ ಚಲೋ ಇದ್ವು. ಅವತ್ತು ನಾನಽ ತಪ್ಪು ಓದಿದ್ನಿ. ನನ್ನ ಉಳಸಾಕ, ಮುಂದ ಬರೂ ಕಣ್ಣಿಲ್ಲದಾವರ ಸಲುವಾಗಿ, ಹಂಗಂದಿದ್ರು.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅವರು ಮಾತಾಡಿದಾಗ ಆ ದನಿ ಯಾರದೋ ಎಂಬಷ್ಟು ಸಣ್ಣದಾಗಿತ್ತು.

“ಗದಗಿನ ದವಾಖಾನಿಗೆ ಎರಡು ಸಲ ಕರಕೊಂಡು ಹೋಗಿದ್ದೆ. ಕಿವಿ ಚಲೋ ಅದಾವು ಅಂದ್ರು. ಆ ಡಾಕ್ಟರಗಽ ಏನೂ ತಿಳ್ಯಂಗಿಲ್ಲ ಅಂತ ನಾನಽ ಬೈದು ಬಂದಿದ್ದೆ. ಇಷ್ಟು ವರ್ಷದಾಗ ಅವರ ಕೂಡ ಒಂದು ಮಾತರ ಸಣ್ಣಗ ಆಡಲಿಲ್ಲಲ್ಲ ತಂಗಿ. ಕಡೀ ದಿನಾನೂ ಒದರಿದ್ನಿ.”

ಹೇಳಿಬಿಟ್ಟರೆ ಹೆದರಿಕೆ ಹೋಗುತ್ತದೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಆ ದಿನದಿಂದ ಅದು ಬೇರೆ ಹೆದರಿಕೆಯಾಗಿದೆ. ಹೇಳಬಾರದಿತ್ತೇನೋ ಎಂದು ಕೇಳೋಣವೆಂದರೆ ಸರ್ ಇಲ್ಲ.

ನಾನು ಹೊರಡಲು ಎದ್ದಾಗ ಅಕ್ಕಾರು ಸರ್ ಅವರ ಫೋಟೊದ ಹತ್ತಿರ ಹೋಗಿ ಕುಳಿತಿದ್ದರು. ತಲೆ ಬಗ್ಗಿಸಿ ಅದರ ಮುಂದೆ ಏನೋ ಹೇಳಿದರು. ಎರಡು ಮಾರು ದೂರದಲ್ಲಿದ್ದೆ ನಾನು. ನನಗೆ ಕೇಳಿಸಲಿಲ್ಲ.