ತಟ್ಟೆಯಲ್ಲಿ ಬಿದ್ದ ಕೂದಲು

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಎಣಿಕೆ ಟೀಚರ್ ಎನ್ನುತ್ತಿದ್ದರು. ಗಣಿತದವರಲ್ಲ, ಇಂಗ್ಲಿಷಿನವರು. ಮನೆಯ ಮುಂಗೋಣೆಯಲ್ಲಿ ಒಂದು ಕರಿಹಲಗೆ, ಎರಡು ಬೆಂಚು. ಸಂಜೆಯಾದರೆ ಡ್ರೈವರು, ನರ್ಸು, ವೆಲ್ಡರು, ಬಟ್ಟೆ ಹೊಲಿಯುವ ನಾನು ಅಲ್ಲಿ ಕೂರುತ್ತಿದ್ದೆವು. ಯಾವ ಪದ ಬಂದರೂ ಅವರದು ಒಂದೇ ಪ್ರಶ್ನೆ: "ಎಣಿಸೋಕಾಗುತ್ತಾ?" ಕುರ್ಚಿ ಆಗುತ್ತೆ, ನೀರು ಆಗಲ್ಲ. "ನೀರಿಗೆ ಲೋಟ ಹಿಡೀರಿ. ಆಗ ಲೋಟ ಎಣಿಸಬಹುದು," ಅನ್ನುತ್ತಿದ್ದರು.

ಅವರ ಗಂಡ ಗ್ಯಾರೇಜಿನ ಮೇಸ್ತ್ರಿ. ಊರಿಗೆ ಉಪಕಾರಿ, ಮನೆಗೆ ಮಾರಿ. ಬಾಗಿಲ ಸಂದಿಗೆ ಹೆಂಡತಿಯ ಬೆರಳಿಟ್ಟು ಮುರಿದ. ಕಾದ ಬಾಣಲೆಯನ್ನು ಭುಜಕ್ಕೆ ಒತ್ತಿದ. ಟೀಚರ್ ಮರುದಿನ ಎಡಗೈಯಲ್ಲಿ ಹಲಗೆಯ ಮೇಲೆ ಬರೆದು, "ಜಾರಿ ಬಿದ್ದೆ" ಎಂದರು. ನಂಬಿದವರು ಯಾರೂ ಇರಲಿಲ್ಲ.

ಒಮ್ಮೆ ನಾನೇ ಅವರನ್ನು ಠಾಣೆಗೆ ಎಳೆದುಕೊಂಡು ಹೋದೆ.

"ಎಷ್ಟು ಸಲ ಹೊಡ್ದಿದಾನೆ?" ಎಂದ ಪೊಲೀಸಿನವನು.

"ಲೆಕ್ಕ ಇಲ್ಲ," ಎಂದರು ಟೀಚರ್.

"ಲೆಕ್ಕ ಇಲ್ಲ ಅಂದ್ರೆ ನಾನೇನಮ್ಮ ಬರ್ಕೊಳ್ಲಿ? ಒಂದು ಹೊಡೆತ ಹೇಳಿ. ಯಾವತ್ತು ಅಂತ ಹೇಳಿ. ನೋಡಿದೋರನ್ನ ಕರ್ಕೊಂಬನ್ನಿ."

ಅವರಿಗೆ ಒಂದನ್ನೂ ಬಿಡಿಸಿ ಹೇಳಲಾಗಲಿಲ್ಲ. ಇಷ್ಟು ವರ್ಷದ ಏಟೆಲ್ಲ ಒಂದರಲ್ಲೊಂದು ಕಲಸಿಹೋಗಿತ್ತು. ಬಂದ ದಾರಿಗೆ ಸುಂಕವಿಲ್ಲ ಎಂದು ಮರಳಿದೆವು. ನನಗೆ ಅವರ ಮೇಲೂ ಸಿಟ್ಟು ಬಂದಿತ್ತು.

ಆ ವಾರವೇ ಕೂದಲಿನ ಪಾಠ ಬಂತು.

"ಹೇರ್ ಎಣಿಸೋಕಾಗಲ್ಲ. ತಲೆ ತುಂಬ ಇದ್ರೂ ಹೇರ್ಸ್ ಅನ್ಬೇಡಿ."

"ಊಟದ ತಟ್ಟೇಲಿ ಸಿಕ್ರೆ, ಟೀಚರ್?" ಎಂದ ವೆಲ್ಡರ್.

"ಆಗ ಎ ಹೇರ್. ತಲೇಲಿದ್ರೆ ಲೆಕ್ಕಕ್ಕಿಲ್ಲ, ತಟ್ಟೇಲಿ ಬಿದ್ರೆ ಒಂದು."

ನಾವೆಲ್ಲ ನಕ್ಕೆವು. ಹಿಂದಿನ ದಿನ ಊಟದಲ್ಲಿ ಒಂದು ಕೂದಲು ಸಿಕ್ಕಿತೆಂದೇ ಮೇಸ್ತ್ರಿ ಅವರ ತುಟಿ ಒಡೆದಿದ್ದನೆಂದು ನಮಗೇನು ಗೊತ್ತು? ಒಳಗಿದ್ದ ಅವನು ನಾವು ತನ್ನನ್ನೇ ಆಡಿಕೊಂಡೆವೆಂದುಕೊಂಡ.

"ಮನೆ ಮಾತು ಬೀದಿಗೆ ಹಾಕ್ತೀಯೇನೇ?"

ಬಂದವನೇ ಜಡೆಗೆ ಕೈ ಹಾಕಿ ಅವರ ಹಣೆಯನ್ನು ಹಲಗೆಗೆ ಅಪ್ಪಳಿಸಿದ. ಬರೆದಿದ್ದ ಅಕ್ಷರದ ಮೇಲೆ ರಕ್ತ ಇಳಿಯಿತು. ಅಡ್ಡ ಬಂದ ಡ್ರೈವರಿನ ಎದೆಗೆ ಒದ್ದ. ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಅವರನ್ನು ಒಳಕೋಣೆಗೆ ದರದರ ಎಳೆಯತೊಡಗಿದ. ಆ ಬಾಗಿಲು ಮುಚ್ಚಿದರೆ ಟೀಚರ್ ಜೀವಂತ ಹೊರಗೆ ಬರುವುದಿಲ್ಲ ಅನ್ನಿಸಿತು.

ನನ್ನ ಚೀಲದಲ್ಲಿ ಬಟ್ಟೆ ಕತ್ತರಿ ಇತ್ತು. ಅವನ ಹೊಟ್ಟೆಗೇ ಇಳಿಸಬೇಕೆನ್ನಿಸಿದ್ದು ನಿಜ, ಸುಳ್ಳೇಕೆ ಹೇಳಲಿ? ಆದರೆ ಕೈ ಜಡೆಗೆ ಹೋಯಿತು. ದಪ್ಪ ಜಡೆ, ಎರಡು ಸಲ ಒತ್ತಿ ಕತ್ತರಿಸಬೇಕಾಯಿತು. ಎಳೆಯುತ್ತಿದ್ದವನು ಜಡೆಯ ಸಮೇತ ಹಿಂದಕ್ಕೆ ಹಾರಿಬಿದ್ದು ಹೊಸ್ತಿಲಿಗೆ ತಲೆ ಒಡೆದುಕೊಂಡ. ವೆಲ್ಡರ್ ಅವನ ಎದೆಯ ಮೇಲೆ ಕೂತ. ನರ್ಸು ಮೊದಲು ಟೀಚರ್ ಹಣೆಗೆ, ಆಮೇಲೆ ಶಾಪ ಹಾಕುತ್ತಲೇ ಅವನ ತಲೆಗೆ ಬಟ್ಟೆ ಕಟ್ಟಿದಳು.

ಠಾಣೆಯಲ್ಲಿ ಅದೇ ಪೊಲೀಸಿನವನಿದ್ದ.

"ಎಷ್ಟು ಸಲ ಹೊಡ್ದ?"

ಟೀಚರ್ ಕತ್ತರಿಸಿದ ಜಡೆಯನ್ನು ಮೇಜಿನ ಮೇಲಿಟ್ಟರು.

"ಒಂದು ಅಂತ ಬರ್ಕೊಳ್ಳಿ. ಇವತ್ತು ಸಂಜೆ. ನೋಡಿದೋರು ಬಾಗಿಲಲ್ಲಿ ನಿಂತಿದಾರೆ, ಎಣಿಸ್ಕೊಳ್ಳಿ."