ಆಯುಧಪೂಜೆಯ ರಾತ್ರಿ ಹರಿದ ಫ್ಯಾನ್ ಬೆಲ್ಟ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಇದರಲ್ಲಿ ಒಂದು ಮಾತನ್ನೂ ನಾನು ಕಟ್ಟಿ ಹೇಳುತ್ತಿಲ್ಲ. ದೆವ್ವದ ಕಥೆ ಹೇಳುವವರನ್ನು ಕಂಡರೆ "ಬುರುಡೆ ಬಿಡಬೇಡ್ರೀ" ಎಂದು ರೇಗಿಸುತ್ತಿದ್ದವನು ನಾನೇ.

ಎಪ್ಪತ್ತರ ದಶಕದ ಕೊನೆ. ಆಗ ನಮ್ಮ ಮನೆ ಗೊಟ್ಟಿಗೆರೆಯಲ್ಲಿತ್ತು. ತಂಗಿ ಗಿರಿಜಾ ಚೊಚ್ಚಲ ಹೆರಿಗೆಗೆ ಬಂದಿದ್ದಳು, ದಿನ ತುಂಬಿತ್ತು. ಜಯನಗರದ ಆಸ್ಪತ್ರೆಗೆ ಕರೆದೊಯ್ಯಲು ಇದ್ದದ್ದು ನನ್ನ ಹಳೆಯ ಕಾರೊಂದೇ. ಅದೋ, ಸ್ಟಾರ್ಟ್ ಮಾಡಿದಾಗಲೆಲ್ಲ ಕೀರ್ ಎಂದು ಕಿರುಚಲು ಶುರುಮಾಡಿತ್ತು.

ಬೆಳಿಗ್ಗೆ ಬನಶಂಕರಿಯ ಮೆಕ್ಯಾನಿಕ್ ರಂಗಣ್ಣನ ಹತ್ತಿರ ಒಯ್ದೆ. ಅವನು ಬಾನೆಟ್ ಎತ್ತಿ ಫ್ಯಾನ್ ಬೆಲ್ಟಿನ ಒಳಮೈ ತಿರುಗಿಸಿ ತೋರಿಸಿದ.

"ನೋಡಿ ಸಾರ್, ಪೂರ್ತಿ ಬಿರುಕು ಬಿಟ್ಟಿದೆ. ಇದನ್ನ ಬಿಗಿಯಾಗಿ ಹಿಡಿಯೋ ಪಟ್ಟಿನೂ ಸವೆದಿದೆ. ಹಿಂಗೆ ಕಿರುಚ್ತು ಅಂದ್ರೆ ಎರಡನ್ನೂ ಒಟ್ಟಿಗೇ ಬದಲಾಯಿಸ್ಬೇಕು."

"ಹಾಗಾದ್ರೆ ಈಗ್ಲೇ ಹಾಕಪ್ಪ."

"ಆಯುಧಪೂಜೆ ಸಾರ್ ಇವತ್ತು! ಸ್ಪ್ಯಾನರ್‌ಗೆಲ್ಲ ಪೂಜೆ ಆಗೋಯ್ತು, ಮುಟ್ಟಂಗಿಲ್ಲ. ನಾಳೆ ವಿಜಯದಶಮಿ, ಬೆಳಿಗ್ಗೇನೇ ಬನ್ನಿ."

ಪೂಜೆಗಿಟ್ಟ ಆಯುಧವನ್ನು ಎತ್ತಿಸುವ ಧೈರ್ಯ ನನಗೂ ಇರಲಿಲ್ಲ. ಸುಮ್ಮನೆ ಬಂದೆ.

ಹೊಟ್ಟೆಯಲ್ಲಿರುವ ಮಗುವಿಗೆ ಪಂಚಾಂಗ ಗೊತ್ತೇ? ಕತ್ತಲಾಗುತ್ತಲೇ ಗಿರಿಜಾಗೆ ನೋವು ಕಾಣಿಸಿಕೊಂಡಿತು. ಅಮ್ಮ ಹಿಂದಿನ ಸೀಟಿನಲ್ಲಿ ಅವಳನ್ನು ಒರಗಿಸಿಕೊಂಡು ಕೂತಳು. ಬನ್ನೇರುಘಟ್ಟ ರಸ್ತೆಯಲ್ಲಿ ಆಗ ದೀಪಗಳಿಲ್ಲ, ಎರಡೂ ಬದಿ ನೀಲಗಿರಿ ಮರಗಳು. ಕೀರ್... ಕೀರ್... ಆಮೇಲೆ ಟಪ್ ಎಂದಿತು.

ಕಿರುಚಾಟ ನಿಂತುಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ರಬ್ಬರ್ ಸುಟ್ಟ ವಾಸನೆ...

ಬಾನೆಟ್ ಎತ್ತಿದೆ. ಬೆಲ್ಟ್ ಹರಿದು ಎಲ್ಲೋ ಬಿದ್ದುಹೋಗಿತ್ತು. ಅದಿಲ್ಲದೆ ಓಡಿಸಿದರೆ ಎಂಜಿನ್ ಕಾದು ನಡುದಾರಿಯಲ್ಲೇ ಕೈಕೊಡುತ್ತದೆ. ಬಾನೆಟ್ ತೆರೆದೇ ಬಿಟ್ಟು, ಲಾರಿ ಏನಾದರೂ ಬರುತ್ತದೆಯೇ ಎಂದು ತಿರುವಿನವರೆಗೆ ಓಡಿದೆ.

ಹಿಂದಿನಿಂದ ಕೇಳಿಸಿತು... ಟಣ್... ಟಣ್... ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು.

ವಾಪಸ್ ಬಂದು ನೋಡಿದರೆ ಬಾನೆಟ್ ಮುಚ್ಚಿತ್ತು. ರಬ್ಬರ್ ವಾಸನೆ ಹೋಗಿ, ಆಗಷ್ಟೇ ಆರತಿ ಆದ ಹಾಗೆ ಕರ್ಪೂರದ ವಾಸನೆ ಬರುತ್ತಿತ್ತು.

"ಅಮ್ಮಾ, ಯಾರು ಬಂದಿದ್ರು?"

"ಯಾರೂ ಇಲ್ವಲ್ಲೋ! ಇವಳೇ ನೋವಲ್ಲಿ ಏನೇನೋ ಬಡಬಡಿಸ್ತಿದ್ಲು."

ಗಿರಿಜಾ ಕತ್ತಲನ್ನೇ ನೋಡುತ್ತಿದ್ದಳು. "ಹೊರಡಣ್ಣ... ಸರಿಹೋಯ್ತಂತೆ."

ಕೀ ತಿರುಗಿಸಿದೆ. ಕಿರುಚಲಿಲ್ಲ, ಕೆಂಪು ದೀಪವೂ ಹತ್ತಲಿಲ್ಲ. ಜಯನಗರದವರೆಗೂ ಬೆಣ್ಣೆಯಂತೆ ಓಡಿದ ಕಾರು ಆಸ್ಪತ್ರೆಯ ಗೇಟಿನಲ್ಲಿ ತಾನಾಗಿಯೇ ನಿಂತಿತು. ಸ್ಟ್ರೆಚರ್ ಮೇಲೆ ಮಲಗಿದ ಗಿರಿಜಾ ನನ್ನ ಕೈ ಹಿಡಿದಳು.

"ರಿಪೇರಿ ಮಾಡ್ದೋನು ಕೇಳ್ದ ಕಣಣ್ಣ... ಎಲ್ಲಿ ತನಕ ಹೋಗ್ಬೇಕಮ್ಮ ಅಂತ. ಆಸ್ಪತ್ರೆ ತನಕ ಹೋದ್ರೆ ಸಾಕು ಅಂದೆ."

ಹೆಣ್ಣುಮಗು ಹುಟ್ಟಿತು. ಗಿರಿಜಾಗೆ ರಕ್ತಸ್ರಾವ ನಿಲ್ಲಲೇ ಇಲ್ಲ. ಬೆಳಗಾಗುವ ಮೊದಲೇ ಹೋಗಿಬಿಟ್ಟಳು.

ಕಾರು ಮತ್ತೆ ಸ್ಟಾರ್ಟ್ ಆಗಲಿಲ್ಲ; ಹೇಳಿಕಳಿಸಿದ್ದಕ್ಕೆ ರಂಗಣ್ಣ ಹೊಸ ಬೆಲ್ಟ್ ಹಿಡಿದು ಆಸ್ಪತ್ರೆಯ ಗೇಟಿನ ಬಳಿಗೇ ಬಂದ. ಬಾನೆಟ್ ಎತ್ತಿದವನು ಬೆಪ್ಪಾಗಿ ನನ್ನ ಮುಖ ನೋಡಿದ. "ಸಾರ್, ಬೆಲ್ಟೇ ಇಲ್ವಲ್ಲ! ಗೊಟ್ಟಿಗೆರೆಯಿಂದ ಹೆಂಗ್ ಬಂದ್ರಿ?"

ನಾನೂ ಬಗ್ಗಿ ನೋಡಿದೆ. ಬೆಲ್ಟಿನ ಜಾಗ ಖಾಲಿಯಿತ್ತು.

ಗಿರಿಜಾಳ ಮಗಳು ಈಗ ಸ್ವತಃ ಕಾರು ಓಡಿಸುತ್ತಾಳೆ. ಅವಳು ಹೊರಟಾಗ ಎಲ್ಲಿ ತನಕ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಬೇರೆ ಯಾರಾದರೂ ಕೇಳಿದರೆ, ಅವಳು ಬಾಯಿ ತೆರೆಯುವ ಮೊದಲೇ ಓಡಿಬಂದು ನಾನೇ ಉತ್ತರ ಕೊಡುತ್ತೇನೆ: "ಹೋಗಿ, ಮನೆಗೆ ವಾಪಸ್ ಬರೋ ತನಕ."